ನುಂಗದ ಮಾತ್ರೆ

ಪ್ರಿಯ ಶ್ರೀಧರ,

ಕಳೆದ ಸಲ ಮನೆಗೆ ಬಂದಾಗ ನಿನ್ನ ದೇವರ ಗೂಡಿನ ಪಕ್ಕ ಬಿಪಿ ಮಾತ್ರೆ ಅಮ್ಲೋಡಿಪಿನ್‌ನ ಸ್ಟ್ರಿಪ್ ಕಂಡೆ. ಒಂದು ಮೂಲೆಯಷ್ಟೇ ಖಾಲಿ, ಉಳಿದ ಮಾತ್ರೆಗಳ ಮೇಲೆಲ್ಲ ವಿಭೂತಿ ಪುಡಿ. ಕೇಳಿದರೆ, "ನಾರ್ಮಲ್ ಬಂತು, ಬಿಟ್ಟೆ. ಒಮ್ಮೆ ಅಂಟಿಸಿಕೊಂಡರೆ ಸಾಯುವ ತನಕ ಬಿಡುವಂತಿಲ್ಲ" ಎಂದೆ. ನಾರ್ಮಲ್ ಬಂದದ್ದೇ ಮಾತ್ರೆಯಿಂದ, ಮಾರಾಯ! ಅದು ಚಟ ಹಿಡಿಸುವುದಿಲ್ಲ. ಬಿಟ್ಟರೆ ಬಿಪಿ ಏರುತ್ತದೆ, ಏಕೆಂದರೆ ಕಾಯಿಲೆ ಎಲ್ಲಿಗೂ ಹೋಗಿರುವುದಿಲ್ಲ.

ಹೃದಯಾಘಾತ, ಲಕ್ವ ಎಂದರೆ ಜಗ್ಗದ ನೀನು, ಮರೆವಿನ ಮಾತು ಬಂದಾಗ ಮಾತ್ರ ಸುಮ್ಮನಾದೆ. ಅಮ್ಮ ಕೊನೆಕೊನೆಗೆ ನಿನ್ನನ್ನು ತಮ್ಮ ಅಣ್ಣನೆಂದುಕೊಂಡು "ಗದ್ದೆಗೆ ನೀರು ಬಿಟ್ಟೆಯಾ" ಎಂದು ಕೇಳುತ್ತಿದ್ದುದನ್ನು ನಾನೂ ನೋಡಿದ್ದೇನೆ. "ಮಾತ್ರೆ ಅದನ್ನು ತಡೆಯುತ್ತದೆ ಎಂದು ಬರೆದುಕೊಡು, ನುಂಗುತ್ತೇನೆ" ಎಂದೆಯಲ್ಲ, ಹಾಗೆ ಯಾರೂ ಬರೆದುಕೊಡುವುದಿಲ್ಲ.

ಗೊತ್ತಿರುವುದು ಇಷ್ಟು. ಅಮೆರಿಕದ ಸ್ಪ್ರಿಂಟ್ ಪ್ರಯೋಗದಲ್ಲಿ 9,361 ಜನರಿದ್ದರು. ಒಂದು ಗುಂಪಿನ ಬಿಪಿಯ ಮೇಲಿನ ಅಂಕಿಯನ್ನು 140ರ ಒಳಗೆ, ಇನ್ನೊಂದರದ್ದನ್ನು 120ರ ಒಳಗೆ ಇಡಲು ನೋಡಿದರು. 2019ರಲ್ಲಿ ಬಂದ ಫಲಿತಾಂಶದಂತೆ, 120ರ ಗುಂಪಿನಲ್ಲಿ ಮರೆವಿನ ಸೌಮ್ಯ ಹಂತ ಶೇ. 19ರಷ್ಟು ಕಡಿಮೆ. ಡಿಮೆನ್ಷಿಯಾದ, ಅಂದರೆ ದಿನನಿತ್ಯದ ಬದುಕನ್ನೇ ಕೆಡಿಸುವ ಮರೆವಿನ ಕಾಯಿಲೆಯ, ಬಗ್ಗೆ ಮಾತ್ರ ಖಚಿತವಾಗಿ ಏನನ್ನೂ ಹೇಳಲಾಗಲಿಲ್ಲ. ನನಗೆ ಹೆಚ್ಚು ಹಿಡಿಸಿದ್ದು ಚೀನಾದ ಪ್ರಯೋಗ. 326 ಹಳ್ಳಿ, ಸುಮಾರು 34 ಸಾವಿರ ಬಿಪಿ ರೋಗಿಗಳು. ಅರ್ಧದಷ್ಟು ಹಳ್ಳಿಗಳಲ್ಲಿ ಊರಿನ ವೈದ್ಯರೇ ಮಾತ್ರೆ ಕೊಟ್ಟು, ಬಿಪಿ ನೋಡಿ, ಬೆನ್ನು ಹತ್ತಿದರು. ನಾಲ್ಕು ವರ್ಷಗಳಲ್ಲಿ, ಉಳಿದ ಹಳ್ಳಿಗಳಿಗಿಂತ ಅಲ್ಲಿ ಡಿಮೆನ್ಷಿಯಾ ಶೇ. 15ರಷ್ಟು ಕಡಿಮೆ ಎಂದು 2025ರಲ್ಲಿ ಪ್ರಕಟಿಸಿದರು.

ಹದಿನೈದು, ಅಷ್ಟೇ. ತಪ್ಪದೆ ನುಂಗಿದವನಿಗೂ ಮರೆವು ಬರಬಹುದು, ಮುಟ್ಟದವನಿಗೆ ಬಾರದೆಯೂ ಇರಬಹುದು. ನೀನು ಲೆಕ್ಕದ ಮೇಷ್ಟ್ರು, ಇದನ್ನು ನಾನು ವಿವರಿಸಬೇಕಿಲ್ಲ. ಲಕ್ವ ತಪ್ಪಿಸುವ ವಿಚಾರದಲ್ಲಂತೂ ಮಾತ್ರೆಯ ಮೇಲೆ ಯಾರಿಗೂ ಅನುಮಾನವಿಲ್ಲ. ಲಕ್ವ ಹೊಡೆದ ಮೇಲೆ ಮರೆವು ಹಿಂದೆಯೇ ಬರುವುದೂ ಉಂಟು.

ಕಾಲು ಊದಿಕೊಳ್ಳುತ್ತದೆ ಎಂಬ ನಿನ್ನ ದೂರು ಮಾತ್ರ ಸುಳ್ಳಲ್ಲ, ಅಮ್ಲೋಡಿಪಿನ್‌ನಿಂದ ಕೆಲವರಿಗೆ ಹಾಗಾಗುತ್ತದೆ. ಡಾಕ್ಟರಿಗೆ ಹೇಳು, ಬೇರೆ ಮಾತ್ರೆಗಳಿವೆ. ನೀನೇ ಡಾಕ್ಟರಾಗಬೇಡ. ಮನೆಯಲ್ಲಿ ಬಿಪಿ ನೋಡಿಕೊಳ್ಳುವಾಗಲೂ ಅಷ್ಟೇ, ಐದು ನಿಮಿಷ ಸುಮ್ಮನೆ ಕುಳಿತು ಆಮೇಲೆ ಪಟ್ಟಿ ಕಟ್ಟಿಕೋ. ಸರಸ್ವತಿಯೊಂದಿಗೆ ಉಪ್ಪಿನಕಾಯಿಯ ಜಗಳ ಮುಗಿಸಿದ ಕೂಡಲೇ ನೋಡಿದರೆ ಅಂಕಿ ಏರದೆ ಇರುತ್ತದೆಯೇ?

ಭಾನುವಾರ ಫೋನ್ ಮಾಡುತ್ತೇನೆ. ಡಾಕ್ಟರ್ ಏನೆಂದರು ಎಂದು ಹೇಳು.

ನಿನ್ನ,
ರಘು