ಕೋಫ್ಯಾಕ್ಸ್‌ನ ಎಡಗೈ: ಮಗಳಿಗೊಂದು ಪತ್ರ

ಪ್ರೀತಿಯ ಚಿನ್ನು,

ನೋಯುವ ಕೈಗೆ ಇಂಜೆಕ್ಷನ್ ಚುಚ್ಚಿಸಿಕೊಂಡು ಶನಿವಾರದ ಪಂದ್ಯ ಆಡುತ್ತೇನೆ ಅಂದೆಯಲ್ಲ, ನಾನು ತಡೆದದ್ದಕ್ಕೆ "ಸ್ಯಾಂಡಿ ಕೋಫ್ಯಾಕ್ಸ್ ಕೂಡ ಇಂಜೆಕ್ಷನ್ ತಗೊಂಡೇ ಆಡಿದ್ದಲ್ವಾ ಅಮ್ಮ?" ಅಂತ ಫೋನಿನಲ್ಲಿ ನನ್ನ ಬಾಯಿ ಮುಚ್ಚಿಸಿದೆ. ಅಮೆರಿಕದ ಬೇಸ್‌ಬಾಲ್‌ನ ಆ ಎಡಗೈ ಎಸೆತಗಾರ ಆಡಿದ್ದು ನಿಜ. ಆದರೆ ನೀನು ಹೇಳಿದ್ದು ಅರ್ಧ ಕಥೆ. ಉಳಿದರ್ಧ ಹೇಳಲು ಹೋದರೆ ನಡುವೆ ಬಾಯಿ ಹಾಕುತ್ತೀಯ, ಅದಕ್ಕೇ ಬರೆಯುತ್ತಿದ್ದೇನೆ.

ಆತನ ಕೈ ಕೆಟ್ಟಿದ್ದು ಚೆಂಡೆಸೆಯುವಾಗ ಅಲ್ಲ ಅನ್ನುವುದು ನಿನಗೆ ಗೊತ್ತಾ? 1964ರ ಆಗಸ್ಟ್, ಮಿಲ್ವಾಕಿಯಲ್ಲಿ ಪಂದ್ಯ. ತಂಡದ ಬ್ಯಾಟಿಂಗ್ ಸರದಿಯಲ್ಲಿ, ಎರಡನೇ ಬೇಸ್ (ಓಟಗಾರ ನಿಲ್ಲುವ ತಾಣ) ಬಿಟ್ಟು ಒಂದಷ್ಟು ಮುಂದೆ ಬಂದಿದ್ದವನು ಔಟಾಗದಿರಲಿ ಅಂತ ಹಿಂದಕ್ಕೆ ಹಾರಿಬಿದ್ದ. ಎಡ ಮೊಣಕೈಗೆ ಪೆಟ್ಟಾಯಿತು. ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ ಇನ್ನೂ ಎರಡು ಪಂದ್ಯ ಗೆದ್ದುಕೊಟ್ಟ. ಅದಾದ ಮರುದಿನ ಬೆಳಗ್ಗೆ ಕೈ ನೆಟ್ಟಗೆ ಚಾಚಲೇ ಆಗಲಿಲ್ಲ. ಆತನ ಡಾಡ್ಜರ್ಸ್ ತಂಡದ ಡಾಕ್ಟರ್ ರಾಬರ್ಟ್ ಕರ್ಲನ್ ನೋಡಿ, ಮೊಣಕೈಗೆ ಸಂಧಿವಾತ ಅಂದರು. ಆಗ ಆತನಿಗೆ 28 ವರ್ಷ.

ಮುಂದಿನ ವರ್ಷ ತಯಾರಿ ಶಿಬಿರದಲ್ಲಿ ಇಡೀ ಪಂದ್ಯ ಎಸೆದ ಮಾರನೆಯ ಬೆಳಗ್ಗೆ ಎದ್ದು ನೋಡಿದರೆ, ಒಳಗೊಳಗೇ ರಕ್ತ ಸೋರಿ ಎಡಗೈ ಪೂರ್ತಿ ಕಪ್ಪು ನೀಲಿ. ವಾರಕ್ಕೊಂದು ಪಂದ್ಯ ಎಸೆದರೆ ನಿನ್ನ ಅದೃಷ್ಟ, ಹೀಗೇ ಮುಂದುವರಿದರೆ ಕೈ ಪೂರ್ತಿ ಕೆಲಸಕ್ಕೆ ಬರದೆ ಹೋಗಬಹುದು ಅಂತ ಕರ್ಲನ್ ಎಚ್ಚರಿಸಿದರು. ಆ 1965ರಲ್ಲಿ ಆತ ಮಾಡಿದ್ದೆಲ್ಲ ನಿನಗೆ ಬಾಯಿಪಾಠ: 335 ಇನ್ನಿಂಗ್ಸ್ (ಒಂದು ಪಂದ್ಯಕ್ಕೆ ಒಂಬತ್ತು), 382 ಸ್ಟ್ರೈಕ್‌ಔಟ್ (ಎಸೆತಗಾರ ಮೂರು ಸ್ಟ್ರೈಕ್‌ಗೆ ಬ್ಯಾಟ್ಸ್‌ಮನ್‌ನನ್ನು ಔಟ್ ಮಾಡುವುದು), ಸೆಪ್ಟೆಂಬರ್ 9ರಂದು ಕಬ್ಸ್ ತಂಡದವರು 27 ಸಲ ಬ್ಯಾಟ್ ಹಿಡಿದು ಬಂದರೂ ಬಂದವರು ಬಂದಹಾಗೇ ವಾಪಸ್, ವರ್ಷದ ಚಾಂಪಿಯನ್ ಯಾರೆಂದು ತೀರ್ಮಾನಿಸುವ ವರ್ಲ್ಡ್ ಸೀರೀಸ್‌ನ ಏಳನೇ ಪಂದ್ಯದಲ್ಲಿ ಬರೀ ಎರಡು ದಿನದ ವಿರಾಮದ ಮೇಲೆ ಎಸೆದು ಮಿನೆಸೋಟಾಗೆ ಒಂದು ರನ್ನೂ ಬಿಟ್ಟುಕೊಡದ್ದು.

ಆದರೆ ಆಟಕ್ಕೆ ಮುಂಚೆ ಆತನ ಬೆನ್ನಿಗೂ ಕೈಗೂ ತಿಕ್ಕುತ್ತಿದ್ದದ್ದು ಮೆಣಸಿನಕಾಯಿ ಸತ್ವದ ಕ್ಯಾಪ್ಸೊಲಿನ್ ಮುಲಾಮು. ಒಂದು ಉರಿಯಿಂದ ಇನ್ನೊಂದು ನೋವು ಮರೆಸುವ ಉಪಾಯ. ನೋವಿಗೆ ಕೊಡೀನ್, ಊತಕ್ಕೆ ಕುದುರೆಗಳಿಗೂ ಕೊಡುವ ಬ್ಯುಟಜೋಲಿಡಿನ್, ಕೀಲಿಗೇ ಕಾರ್ಟಿಸೋನ್ ಚುಚ್ಚು. ಆಟ ಮುಗಿದ ಮೇಲೆ ಐಸ್ ತುಂಬಿದ ತೊಟ್ಟಿಯಲ್ಲಿ ಮೊಣಕೈ ಮುಳುಗಿಸಿ ಕೂರಬೇಕು. ಚರ್ಮ ಸುಟ್ಟುಹೋಗದಿರಲಿ ಅಂತ ಟೈರಿನ ಟ್ಯೂಬ್ ಕತ್ತರಿಸಿ ತೋಳಿಗೊಂದು ಚೀಲ ಮಾಡಿಕೊಟ್ಟಿದ್ದರು. ಕೈ ಬಾಗಿಕೊಂಡೇ ಉಳಿದದ್ದರಿಂದ ದರ್ಜಿ ಆತನ ಕೋಟಿನ ಎಡ ತೋಳನ್ನು ಗಿಡ್ಡ ಮಾಡಬೇಕಾಯಿತು. ನನಗೆ ಹೊಟ್ಟೆಯಲ್ಲಿ ಸಂಕಟ ಆಗುವುದು ಈ ಕೋಟಿನ ವಿಷಯ ನೆನೆದಾಗಲೇ. ಡಾಡ್ಜರ್ ಸ್ಟೇಡಿಯಮ್ಮಿನಲ್ಲಿ 2022ರಲ್ಲಿ ನಿಲ್ಲಿಸಿದ ಪ್ರತಿಮೆ ಚೆಂಡೆಸೆಯುವ ಭಂಗಿಯದ್ದು. ಐಸ್ ತೊಟ್ಟಿಯ ಮುಂದೆ ಕೂತವನ ಪ್ರತಿಮೆ ಯಾರು ಮಾಡಿಸುತ್ತಾರೆ ಹೇಳು.

ನಿಮ್ಮಪ್ಪ ಎಂದಿನಂತೆ ಕುಂಬ್ಳೆಯನ್ನು ಎಳೆದು ತಂದರು. 2002ರಲ್ಲಿ ಆಂಟಿಗಾದಲ್ಲಿ ಮುರಿದ ದವಡೆಗೆ ಬ್ಯಾಂಡೇಜ್ ಸುತ್ತಿಕೊಂಡು ಬಂದು ಲಾರಾನ ವಿಕೆಟ್ ಕಿತ್ತದ್ದನ್ನು ನೆನೆದರೆ ನನಗೂ ಮೈ ನವಿರೇಳುತ್ತದೆ. ಆದರೆ ಕುಂಬ್ಳೆ ಮರುದಿನವೇ ಬೆಂಗಳೂರಿನ ವಿಮಾನ ಹತ್ತಿದರು, ಆಪರೇಷನ್ ಮಾಡಿಸಿಕೊಂಡರು. ಆ ನೋವಿಗೆ ಒಂದು ಕೊನೆಯಿತ್ತು. ಮುರಿದದ್ದು ದವಡೆ, ಬೌಲ್ ಮಾಡುವ ಕೈಯಲ್ಲ. ನಾಲ್ಕು ದಿನಕ್ಕೊಮ್ಮೆ ಅದೇ ಕೀಲನ್ನು ಅದೇ ರೀತಿ ತಿರುವಿ ಎಸೆಯುವುದು ಬೇರೆಯೇ ಬಾಬತ್ತು. ಅಪ್ಪನಿಗೆ ಇದನ್ನೇ ಹೇಳಿದೆ. ತಲೆ ಅಲ್ಲಾಡಿಸಿದರು, ಒಪ್ಪಿದರೋ ಇಲ್ಲವೋ ದೇವರಿಗೇ ಗೊತ್ತು.

ಈಗ ನೀನು ಬಿಟ್ಟ ಅರ್ಧಕ್ಕೆ ಬರುತ್ತೇನೆ. 1965ರಲ್ಲೇ ಕೋಫ್ಯಾಕ್ಸ್ ತನಗೆ ಬೇಕಾದ ಒಬ್ಬ ಪತ್ರಕರ್ತ, ಫಿಲ್ ಕಾಲಿಯರ್ ಬಳಿ, ಮುಂದಿನ ವರ್ಷವೇ ಕೊನೆ ಅಂದುಬಿಟ್ಟಿದ್ದ. ಆ ಪುಣ್ಯಾತ್ಮ ಒಂದು ವರ್ಷ ಆ ಸುದ್ದಿಯನ್ನು ಹೊಟ್ಟೆಯಲ್ಲೇ ಇಟ್ಟುಕೊಂಡ! ಅಂದರೆ 1966ರಲ್ಲಿ 27 ಪಂದ್ಯ ಗೆದ್ದು, ಇಆರ್‌ಎ (ಒಂಬತ್ತು ಇನ್ನಿಂಗ್ಸ್‌ಗೆ ಎಸೆತಗಾರ ಬಿಟ್ಟುಕೊಟ್ಟ ರನ್ನಿನ ಸರಾಸರಿ) 1.73ಕ್ಕೆ ಇಳಿಸಿದಾಗ, ಅದೇ ಕಡೆಯ ವರ್ಷ ಅಂತ ಆತನಿಗೆ ಗೊತ್ತಿತ್ತು. ಹೇಗೋ ತಳ್ಳಿಕೊಂಡು ಹೋಗಿ, ಕೈ ಕೈಕೊಟ್ಟ ದಿನ ನಿಲ್ಲಿಸಿದವನಲ್ಲ ಅವನು. ಇಂಜೆಕ್ಷನ್ ತೆಗೆದುಕೊಳ್ಳುವಾಗಲೂ ಎಲ್ಲಿಗೆ ನಿಲ್ಲಿಸಬೇಕು ಅನ್ನುವುದನ್ನು ಮೊದಲೇ ಗೊತ್ತುಮಾಡಿಕೊಂಡಿದ್ದ. ನಿನಗೆ ಅಂಥ ಗೆರೆ ಇದೆಯಾ? ಕೇಳಿದಾಗ "ನೋಡೋಣ" ಅಂದೆ.

1966ರ ನವೆಂಬರ್ 18ರಂದು ಬೆವರ್ಲಿ ವಿಲ್‌ಶೈರ್ ಹೋಟೆಲಿನಲ್ಲಿ ಪತ್ರಿಕಾಗೋಷ್ಠಿ ಕರೆದ. ತಂಡದ ಮಾಲೀಕರು ಜಪಾನಿನಲ್ಲಿದ್ದಾರೆ, ಸ್ವಲ್ಪ ತಡಿ ಅಂತ ಜನರಲ್ ಮ್ಯಾನೇಜರ್ ಬಝಿ ಬವಾಸಿ ಕೇಳಿಕೊಂಡರೂ ಕಾಯಲಿಲ್ಲ. ಆ ವರ್ಷದ ಸಂಬಳ 1,25,000 ಡಾಲರ್, ಆ ಕಾಲಕ್ಕೆ ಭಾರೀ ಮೊತ್ತ. ಅದಕ್ಕೂ ತಂಡದ ಇನ್ನೊಬ್ಬ ಎಸೆತಗಾರ ಡ್ರೈಸ್‌ಡೇಲ್ ಜೊತೆ ಸೇರಿ ಹಟ ಹಿಡಿದು ಕೂತಿದ್ದ. ಅಂಥದ್ದನ್ನು ಬಿಟ್ಟು ಹೊರಟ. ಕೈ ಕಳೆದುಕೊಂಡವನಿಗೆ ದುಡ್ಡು ಕೊಟ್ಟರೆ ಕೈ ವಾಪಸ್ ಬರುತ್ತೆ ಅಂದರೆ, ಇರುವ ಬಿಡಿಗಾಸೂ ಕೊಟ್ಟುಬಿಡುತ್ತಾನೆ ಅನ್ನುವ ಅರ್ಥದ ಮಾತನ್ನೂ ಅವತ್ತು ಆಡಿದ. ವಯಸ್ಸು 30. ಆರು ವರ್ಷಕ್ಕೆ ಬೇಸ್‌ಬಾಲ್ ದಿಗ್ಗಜರ ಗೌರವಪಟ್ಟಿ ಹಾಲ್ ಆಫ್ ಫೇಮ್ ಸೇರಿದ, 36ಕ್ಕೆ, ಎಲ್ಲರಿಗಿಂತ ಚಿಕ್ಕ ವಯಸ್ಸಿನಲ್ಲಿ.

ಆತನಿಗೆ ಎಂಆರ್‌ಐ ಇರಲಿಲ್ಲ. ಲಿಗಮೆಂಟ್ ಹರಿದವರ ಮೊಣಕೈಗೆ ಹೊಸದು ಹೊಲಿಯುವ ಟಾಮಿ ಜಾನ್ ಆಪರೇಷನ್ ಬಂದದ್ದೇ 1974ರಲ್ಲಿ, ಅದೂ ಕರ್ಲನ್ ಅವರ ಜೊತೆಗಾರ ಫ್ರಾಂಕ್ ಜೋಬ್ ಕೈಯಿಂದ. ನಿನಗೆ ಎರಡೂ ಇವೆ. ಕಾರ್ಟಿಸೋನ್ ಊತ ಇಳಿಸುತ್ತದೆ, ನೋವಿನ ಬಾಯಿ ಕಟ್ಟುತ್ತದೆ. ಒಳಗೆ ಹರಿದದ್ದನ್ನು ಕೂಡಿಸುವುದಿಲ್ಲ. ನೋವು ಕಾಣದೆ ಹೋದರೆ ನೀನು ಇನ್ನೂ ಜೋರಾಗಿ ಎಸೆಯುತ್ತೀಯ, ನನಗೆ ನಿನ್ನ ಬುದ್ಧಿ ಗೊತ್ತಿಲ್ಲವಾ?

ಆಡಬೇಡ ಅಂತ ನಾನು ಹೇಳುವುದಿಲ್ಲ. ಶನಿವಾರದ ಪಂದ್ಯಕ್ಕೆ ಮುಂಚೆ ಸ್ಕ್ಯಾನ್ ಮಾಡಿಸು. ಒಳಗೆ ಏನಾಗಿದೆ ಅಂತ ತಿಳಿಯುವ ಮುಂಚೆ ಸೂಜಿ ಚುಚ್ಚಿಸಿಕೊಳ್ಳಬೇಡ. ಕೋಚ್ ಮುಖ ಊದಿಸಿಕೊಂಡರೆ ನನ್ನ ಹೆಸರು ಹೇಳು, ಅಮ್ಮ ರಾಕ್ಷಸಿ ಅನ್ನು, ಪರವಾಗಿಲ್ಲ. ರಿಪೋರ್ಟ್ ಬಂದ ತಕ್ಷಣ ಕಳಿಸು. ಅಜ್ಜಿಗೆ ಇನ್ನೂ ವಿಷಯ ಹೇಳಿಲ್ಲ. ಭಾನುವಾರ ಫೋನ್ ಮಾಡಿದಾಗ ನೀನೇ ಹೇಳು, ಎಣ್ಣೆ ಕಾಯಿಸಿ ತಿಕ್ಕು ಅಂದರೆ "ಹೂಂ ಅಜ್ಜಿ" ಅಂದುಬಿಡು.

ನಿನ್ನ,
ಅಮ್ಮ