ಗೆಳೆಯನಿಗೊಂದು ಪತ್ರ: ಹಿಂದಿನ ಚಕ್ರದ ವಿಚಾರ

ಲೋ,

ಸೈಕಲ್ಲಿನ ಹಿಂದಿನ ಚಕ್ರ ಇನ್ನೂ ಸಿಕ್ಕಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನೀನು ನೇರ ಕೊನೆಯ ಸಾಲಿಗೆ ಹಾರಿ ಬೈದು ಹೋಗುವವನು. (ಜೊತೆಗೆ ಓದುತ್ತಿರುವ ಉಳಿದ ಮಹನೀಯರು ಗಾಬರಿಯಾಗಬೇಡಿ, ನಮ್ಮಲ್ಲಿ ಬೈಗುಳವೇ ನಮಸ್ಕಾರ.)

"ಬೆಂಡ್ ತೆಗೆದು ಓಡಿಸೋ, ಹೊಸದ್ಯಾಕೆ" ಅಂದಿದ್ದೆಯಲ್ಲ. ಬರೀ ಬೆಂಡಾಗಿದ್ದರೆ ಕಡ್ಡಿ ಬಿಗಿದು, ಸಡಿಲಿಸಿ ನಾನೇ ಸರಿ ಮಾಡುತ್ತಿದ್ದೆ. ರಿಮ್ಮೇ ಹೋಗಿದೆ ಕಣೋ. ಬ್ರೇಕ್ ಉಜ್ಜಿ ಉಜ್ಜಿ ಎರಡೂ ಪಕ್ಕ ಸವೆದಿವೆ, ಬೆರಳಾಡಿಸಿದರೆ ತಗ್ಗು ಸಿಗುತ್ತದೆ. ಒಂದೆರಡು ಕಡ್ಡಿ ತೂತುಗಳ ಸುತ್ತ ಕೂದಲೆಳೆಯಂಥ ಬಿರುಕು. ಅದರ ಮೇಲೆ ಕೂತು ಇಳಿಜಾರಿನಲ್ಲಿ ಬರುವ ಧೈರ್ಯ ನನಗಿಲ್ಲ. ನನ್ನ ತೂಕದ ಬಗ್ಗೆ ಈಗ ನಿನ್ನ ಬಾಯಿಗೆ ಬಂದದ್ದನ್ನು ಹಾಗೇ ನುಂಗಿಕೋ.

ಒಂದೇ ಗೇರಿನ ಸೈಕಲ್ಲಿಗೆ ಚಕ್ರ ಹುಡುಕುವುದು ಸುಲಭ ಅಂದುಕೊಂಡವರು ಅಳತೆಪಟ್ಟಿ ಹಿಡಿದು ನೋಡಲಿ. ಟಯರಿನ ಮೇಲೆ ದೊಡ್ಡದಾಗಿ 28 ಇಂಚು ಎಂದಿದೆ. 622 ಮಿ.ಮೀ. ರಿಮ್ಮಿಗೂ 28 ಅನ್ನುತ್ತಾರೆ, 635ರದಕ್ಕೂ ಅದನ್ನೇ ಅನ್ನುತ್ತಾರೆ. ಒಂದರ ಟಯರು ಇನ್ನೊಂದಕ್ಕೆ ಕೂರುವುದಿಲ್ಲ. ಹಳೆ ಹಲ್ಲುಜ್ಜುವ ಬ್ರಷ್ಷಿನಲ್ಲಿ ಕೊಳೆ ತಿಕ್ಕಿದ ಮೇಲೆ ಪಕ್ಕದಲ್ಲಿ ಸಣ್ಣದಾಗಿ 37-622 ಕಂಡಿತು, 37 ಟಯರಿನ ಅಗಲ, 622 ರಿಮ್ಮಿನ ಅಳತೆ. ನಂಬಬೇಕಾದದ್ದು ಅದನ್ನು. ಆಮೇಲೆ ಹಬ್ಬು, ಅಂದರೆ ಕಡ್ಡಿಗಳೆಲ್ಲ ಬಂದು ಸೇರುವ ಚಕ್ರದ ನಡುಭಾಗ. ಫ್ರೇಮಿನ ಎರಡು ಕಾಲುಗಳ ನಡುವೆ, ಒಳಮೈಯಿಂದ ಒಳಮೈಗೆ, 120 ಮಿ.ಮೀ. ರೆಡಿಮೇಡ್ ಸಿಗುವುದೆಲ್ಲ ಗೇರ್ ಸೈಕಲ್ಲಿನ 130, 135. ಸ್ಟೀಲ್ ಫ್ರೇಮಾಗಿದ್ದರೆ ತುಸು ಅಗಲಿಸಬಹುದಿತ್ತು. ನನ್ನದು ಅಲ್ಯೂಮಿನಿಯಂ, ಅಗಲಿಸಲು ಹೋದರೆ ಚಕ್ರದ ಬದಲು ಫ್ರೇಮನ್ನೇ ಹುಡುಕಬೇಕಾದೀತು.

ಇಷ್ಟೆಲ್ಲ ನಿನಗೆ ಗೊತ್ತು. ಇದರಲ್ಲಿ ಅರ್ಧ ನೀನೇ ಹೇಳಿಕೊಟ್ಟದ್ದು.

ನಿನಗೆ ಗೊತ್ತಿಲ್ಲದ್ದು ಇನ್ನೊಂದಿದೆ. ಹಬ್ಬು ಚೆನ್ನಾಗಿದೆ, ಬೇರಿಂಗು ನುಣ್ಣಗೆ ತಿರುಗುತ್ತದೆ. ಅದಕ್ಕೆ 36 ತೂತು. ಅಷ್ಟೇ ತೂತಿನ ಒಂದು ರಿಮ್ಮು, ಸರಿಯಾದ ಉದ್ದದ ಕಡ್ಡಿ ತಂದು ಹೆಣೆಸಿದರೆ ಮುಗಿಯಿತು, ಇಡೀ ಚಕ್ರ ಹುಡುಕಬೇಕಾದ್ದೇ ಇಲ್ಲ. ಇದು ನನಗೆ ಮೊದಲಿನಿಂದಲೂ ಗೊತ್ತು.

ಮತ್ತೆ ಯಾಕೆ ಹುಡುಕುತ್ತಿದ್ದೇನೆ? ನಮ್ಮಿಬ್ಬರ ಮೆಸೇಜುಗಳನ್ನು ಮೇಲಕ್ಕೆ ಸರಿಸಿ ನೋಡು. ಚಕ್ರ ಹಾಳಾಗುವ ಮೊದಲು ಅಲ್ಲಿರುವುದು ಹುಟ್ಟುಹಬ್ಬದ ಕೇಕು, ಹಬ್ಬದ ಹೂವು, ಹೆಬ್ಬೆರಳು. ಆಮೇಲೆ ಶುರುವಾಯಿತು ನೋಡು: "ಎಷ್ಟು ಮಿ.ಮೀ.?", "ಸರಿಯಾಗಿ ಅಳೆಯೋ ದಡ್ಡ", "ಫೋಟೋ ಕಳಿಸು". ಚಕ್ರ ಸಿಕ್ಕಿಬಿಟ್ಟರೆ ನಿನಗೆ ಏನೆಂದು ಬರೆಯಲಿ?

ನಿಮ್ಮಪ್ಪನಿಗೆ ಹುಷಾರಿಲ್ಲ ಅಂತ ಬೇರೆಯವರಿಂದ ತಿಳಿದ ರಾತ್ರಿ "ಹೇಗಿದ್ದಾರೋ" ಎಂದು ಟೈಪ್ ಮಾಡಿ ಅಳಿಸಿದೆ. ನೀನಾಗಿ ಹೇಳದೇ ಇದ್ದದ್ದನ್ನು ನಾನು ಕೇಳಬಹುದೋ ಇಲ್ಲವೋ ತಿಳಿಯಲಿಲ್ಲ. ಕೊನೆಗೆ ಕೇಳಿದ್ದು, ದಪ್ಪ ಚೈನು ತೆಳು ಹಲ್ಲಿನ ಮೇಲೆ ಓಡುತ್ತದಾ ಅಂತ. ನೀನು ತಕ್ಷಣ ಉದ್ದಕ್ಕೆ ಉತ್ತರ ಬರೆದೆ. ಓಡುತ್ತದೆ, ಆದರೆ ತೆಳು ಚೈನು ದಪ್ಪ ಹಲ್ಲಿನ ಮೇಲೆ ಕೂರುವುದಿಲ್ಲ, ಚೈನು ನೆಟ್ಟಗಿದೆಯಾ ನೋಡಿಕೋ, ಹೀಗೆ. ಅದನ್ನು ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಬರೆದದ್ದಂತೆ. ನಿನಗೂ ಆಗ ಚೈನಿನ ಮಾತೇ ಬೇಕಿತ್ತೇನೋ. ಇಬ್ಬರೂ ಎಂಥ ಜನ ಮಾರಾಯ.

ಇದನ್ನು ನಾಲ್ಕು ಜನರ ಮುಂದೆ ಬರೆಯಬೇಕು ಅಂತ ಕೂತದ್ದಲ್ಲ. ನಾಲ್ಕು ಜನ ಎಲ್ಲಿದ್ದಾರೆ, ಮೂರನೆಯವನು ನಮ್ಮ "ಸಾಹುಕಾರ", ಅವನು ಓದುವುದೂ ಇಲ್ಲ, ಸುಮ್ಮನೆ ಲೈಕ್ ಒತ್ತುತ್ತಾನೆ.

ಸರಿ, ಕೆಲಸದ ಮಾತು. ಹಳೆ ಕಡ್ಡಿ ಕತ್ತರಿಸುವ ಮೊದಲೇ ಫ್ರೀವೀಲ್, ಅಂದರೆ ಹಬ್ಬಿಗೆ ತಿರುಗಿಸಿ ಕೂರಿಸಿದ ಹಲ್ಲುಚಕ್ರ, ಬಿಚ್ಚಬೇಕು. ತುಳಿದಷ್ಟೂ ಬಿಗಿಯುವ ಥ್ರೆಡ್ ಅದು. ಕಡ್ಡಿ ಕತ್ತರಿಸಿದ ಮೇಲೆ ತಿರುಗಿಸಲು ಹಿಡಿತಕ್ಕೆ ರಿಮ್ಮೇ ಇರುವುದಿಲ್ಲ. ನನ್ನದಕ್ಕೆ ನಾಲ್ಕು ಕಚ್ಚಿನ ಟೂಲ್ ಬೇಕು, ಅದು ನಿನ್ನ ಹತ್ತಿರ ಇದೆ. ಕೊರಿಯರ್ ಮಾಡಿದರೆ ತೆಗೆದುಕೊಳ್ಳುವುದಿಲ್ಲ, ನೀನೇ ತರಬೇಕು. ಬರುವಾಗ ಆ ಹಸಿರು ಪ್ಯಾಂಟು ಮಾತ್ರ ಹಾಕಿಕೊಂಡು ಬರಬೇಡ, ಬೀದಿನಾಯಿಗಳು ಇನ್ನೂ ಮರೆತಿಲ್ಲ.

ನಿನ್ನ
ಅರ್ಧ ಸೈಕಲ್ಲಿನ ಒಡೆಯ