ಲಿಥಿಯಂ ಮಾತ್ರೆಯ ಲೆಕ್ಕ ಇಡುವ ಮೇಡಂಗೆ

ಮನೆಮನೆಗೆ ಬಂದು ಬೈಪೋಲಾರ್ ಕಾಯಿಲೆಯವರ (ಮನಸ್ಸು ಅತಿ ಉತ್ಸಾಹಕ್ಕೂ ಅತಿ ಖಿನ್ನತೆಗೂ ಏರಿಳಿಯುವವರ) ಲಿಥಿಯಂ ಔಷಧಿ ನೋಡಿಕೊಳ್ಳುವ ಮೇಡಂ, ಹೆಸರು ಹಾಕಬೇಡಿ ಅಂದಿದ್ದೀರಿ, ಹಾಕುವುದಿಲ್ಲ. ನಿಮಗೆ ನಮ್ಮೆಲ್ಲರ ಮನಸಾರೆ ವಂದನೆ.

"ಮಾತ್ರೆ ತಗೊಂಡ್ರಾ?" ಅಂತ ನೀವು ಕೇಳುವುದಿಲ್ಲ, ಹಾಗೆ ಕೇಳಿದರೆ ಎಲ್ಲರೂ ಹೂಂ ಅನ್ನುತ್ತಾರೆ. "ಈ ವಾರ ಎಷ್ಟು ಸಲ ತಪ್ಪಿತು?" ಅನ್ನುತ್ತೀರಿ. ಆಮೇಲೆ ಸ್ಟ್ರಿಪ್ ಎಣಿಸುತ್ತೀರಿ. ದಿನಕ್ಕೆ 3ರಂತೆ ತಿಂಗಳಿಗೆ 90 ಕೊಟ್ಟಿದ್ದರೆ, 20 ದಿನ ಕಳೆದಾಗ 30 ಉಳಿಯಬೇಕು. 42 ಇದ್ದರೆ ನಾಲ್ಕು ದಿನದ್ದು ಹೊಟ್ಟೆಗೆ ಹೋಗಿಲ್ಲ. ಬೈಯದೆ ಕಾರಣ ಹುಡುಕುತ್ತೀರಲ್ಲ, ಅದು ದೊಡ್ಡದು: ಮಾತ್ರೆಯಿಂದ ಕೈ ನಡುಕವೋ, ಪದೇಪದೇ ಮೂತ್ರವೋ, ಬಸ್ಸಿನ ದುಡ್ಡಿಲ್ಲವೋ.

ಲಿಥಿಯಂ ಮಟ್ಟದ ಪರೀಕ್ಷೆಗೆ ರಕ್ತ ಕೊಡುವುದು ರಾತ್ರಿಯ ಡೋಸ್ ಆಗಿ 12 ಗಂಟೆ ಕಳೆದ ಮೇಲೆ, ಬೆಳಗಿನ ಮಾತ್ರೆಗೆ ಮುಂಚೆ. ನುಂಗಿ ಬಂದರೆ ಮಟ್ಟ ಹೆಚ್ಚು ತೋರುತ್ತದೆ, ಡೋಸ್ ಸುಮ್ಮನೆ ಇಳಿಯುತ್ತದೆ, ಕಾಯಿಲೆ ಮರುಕಳಿಸಬಹುದು. ಸಾಮಾನ್ಯವಾಗಿ ಮಟ್ಟ ಲೀಟರ್ ರಕ್ತಕ್ಕೆ 0.6ರಿಂದ 1.0 ಮಿಲಿಮೋಲ್‌ನೊಳಗೆ ಇರಬೇಕು. ಆರು ತಿಂಗಳಿಗೊಮ್ಮೆ ಕ್ರಿಯಾಟಿನಿನ್ (ಮೂತ್ರಪಿಂಡ ಹೇಗಿದೆ ಅಂತ ತಿಳಿಯಲು), ಥೈರಾಯ್ಡ್ ಪರೀಕ್ಷೆ.

ಮಂಡಿನೋವಿಗೆ ಅಂಗಡಿಯಿಂದ ತಂದ ಐಬುಪ್ರೊಫೆನ್, ಡೈಕ್ಲೋಫೆನಾಕ್ ಇದೆಯಾ ಅಂತ ನೀವು ಪ್ರತಿ ಸಲ ಕೇಳುತ್ತೀರಿ. ಅವು ಮೂತ್ರಪಿಂಡ ಲಿಥಿಯಂ ಹೊರಹಾಕುವುದನ್ನು ತಗ್ಗಿಸುತ್ತವೆ, ರಕ್ತದಲ್ಲಿ ಅದು ಏರುತ್ತದೆ. ವಾಂತಿಭೇದಿಯಾಗಿ ನೀರಿನಂಶ ಕಡಿಮೆಯಾದಾಗಲೂ ಅಷ್ಟೇ. ಆಗ ಲೋಟ ಹಿಡಿಯಲಾಗದಷ್ಟು ನಡುಕ, ತೊದಲು, ತೂರಾಟ. ಕುಡಿದಿದ್ದಾನೆ ಅಂದುಕೊಂಡು ಮನೆಯವರು ಮಲಗಿಸಿಬಿಡುತ್ತಾರೆ. ಹಾಗೆ ಕಂಡರೆ ಮುಂದಿನ ಡೋಸ್ ನಿಲ್ಲಿಸಿ, ಬೆಳಗಾಗಲಿ ಅಂತ ಕಾಯದೆ ಆಸ್ಪತ್ರೆಗೆ ಒಯ್ಯಬೇಕೆಂದು ಪ್ರತಿ ಮನೆಯಲ್ಲೂ ಒಬ್ಬರಿಗಾದರೂ ಬಾಯಿಪಾಠ ಮಾಡಿಸಿದ್ದೀರಿ.